ಮಿದುಳಿನ ತುಕ್ಕಿಗೆ ಮಾರುವ ಮದ್ದು

ಮಿದುಳು ತುಕ್ಕು ಹಿಡಿಯುತ್ತದೆ ಎಂಬ ಮಾತು ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಈಗ ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ಇಂದಿರಾನಗರದ ನೂರಡಿ ರಸ್ತೆಯ ಜ್ಯೂಸ್ ಅಂಗಡಿಯ ಬೋರ್ಡಿರಲಿ, ಹಲಸೂರಿನ ಮೆಡಿಕಲ್ ಶಾಪಿನ ಗಾಜಿನ ಕಪಾಟಿರಲಿ, ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಹಿರಿಯರಿಗೆಂದು ನಡೆಸುವ ಆರೋಗ್ಯ ಶಿಬಿರವಿರಲಿ, ಎಲ್ಲೆಡೆ ಒಂದೇ ಕಥೆ. ಉಸಿರಾಡಿದ ಆಕ್ಸಿಜನ್ ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಬಳಕೆಯಾಗುವಾಗ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳು ಹುಟ್ಟುತ್ತವೆ. ಅವು ಮಿದುಳನ್ನು ದಿನದಿನವೂ ಕೊರೆಯುತ್ತವೆ. ಕೈ ನಡುಗುವುದು, ಮರೆವು ಬರುವುದು ಎಲ್ಲ ಅದರಿಂದಲೇ. ಆದ್ದರಿಂದ ಆಂಟಿಆಕ್ಸಿಡೆಂಟ್ ತಗೊಳ್ಳಿ. ಕ್ಯಾಪ್ಸೂಲ್ ಬೇಕೋ, ಪುಡಿ ಬೇಕೋ, ಡ್ರಿಪ್ ಬೇಕೋ, ಅದು ನಿಮ್ಮ ಜೇಬಿಗೆ ಬಿಟ್ಟದ್ದು.

ಕಥೆಯ ಮೊದಲ ವಾಕ್ಯ ನಿಜ. ನಡುವಿನದು ಅರೆಬೆಂದದ್ದು. ಕೊನೆಯ ಸಲಹೆ ಸುಳ್ಳು. ಮೂವತ್ತೈದು ವರ್ಷಗಳಿಂದ ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದುಹೋದ ಸಲಹೆ ಅದು. ಆದರೂ ಸಾಯುತ್ತಿಲ್ಲ. ಇದನ್ನು ನಂಬಿದವರು ಅಕ್ಷರ ಬಾರದವರೇನಲ್ಲ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಇಳಿದು ಕೆಲಸಕ್ಕೆ ಓಡುವ ಎಂಜಿನಿಯರ್ ನಂಬಿದ್ದಾನೆ. ಅವನ ತಾಯಿಗೆ ಚೀಟಿಯ ಕೊನೆಯ ಸಾಲಿನಲ್ಲಿ ಕೋ-ಕ್ಯೂ ಟೆನ್ ಎಂಬ ಆಂಟಿಆಕ್ಸಿಡೆಂಟ್ ಬರೆದುಕೊಟ್ಟ ಡಾಕ್ಟರೂ ನಂಬಿದ್ದಾರೆ, ಅಥವಾ ನಂಬಿದಂತೆ ಬರೆದಿದ್ದಾರೆ. ನನ್ನ ಜಗಳ ಮುಖ್ಯವಾಗಿ ಆ ಕೊನೆಯ ಸಾಲಿನೊಡನೆ.

ಮೊದಲು ಎದುರಾಳಿಗೆ ಸಲ್ಲಬೇಕಾದ್ದು ಸಲ್ಲಲಿ. ಈ ವಾದ ಹುಟ್ಟಿಸಿದವರು ಸಣ್ಣವರಲ್ಲ. ಅಮೆರಿಕದ ಡೆನ್ಹಮ್ ಹಾರ್ಮನ್ ಮೊದಲು ಶೆಲ್ ಕಂಪನಿಯಲ್ಲಿ ಫ್ರೀ ರ‍್ಯಾಡಿಕಲ್‌ಗಳ ರಸಾಯನಶಾಸ್ತ್ರ ಮಾಡಿ, ಆಮೇಲೆ ವೈದ್ಯಕೀಯ ಓದಿದವರು. ಮುಪ್ಪಿಗೆ ಈ ಕಣಗಳೇ ಕಾರಣವೆಂದು 1956ರಲ್ಲಿ ಬರೆದರು. 1972ರಲ್ಲಿ ಮೈಟೊಕಾಂಡ್ರಿಯದತ್ತ ಬೊಟ್ಟು ಮಾಡಿದರು. ಮೊದಮೊದಲು ಯಾರೂ ಕಿವಿಗೊಡಲಿಲ್ಲ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು, ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ಲನ್ನು ನಿಭಾಯಿಸಲೆಂದೇ ನಮ್ಮ ಕೋಶಗಳಲ್ಲಿ ಒಂದು ಕಿಣ್ವವಿದೆ ಎಂದು ತೋರಿಸಿಕೊಟ್ಟ ಮೇಲೆ ಮಾತಿಗೆ ತೂಕ ಬಂತು. ಎದುರಿಸಲು ಕಾವಲುಗಾರ ಇದ್ದಾನೆಂದರೆ ಕಳ್ಳನೂ ಇರಲೇಬೇಕಲ್ಲ.

ಕಳ್ಳ ಹುಟ್ಟುವ ಜಾಗವೂ ಗೊತ್ತಾಯಿತು. ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯ ಮೇಲೆ ಒಂದು ಪ್ರೋಟೀನ್ ಸಂಕೀರ್ಣದಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ಆಕ್ಸಿಜನ್ ಸೇರಿ ನೀರಾಗಬೇಕು. ದಾರಿಯಲ್ಲಿ ಮುಖ್ಯವಾಗಿ ಒಂದನೆಯ ಮತ್ತು ಮೂರನೆಯ ಸಂಕೀರ್ಣಗಳಲ್ಲಿ ಕೆಲವು ಸೋರಿಹೋಗಿ, ಅವಧಿಗೆ ಮುಂಚೆಯೇ ಆಕ್ಸಿಜನ್ನಿಗೆ ಅಂಟಿ ಸೂಪರಾಕ್ಸೈಡ್ ಆಗುತ್ತವೆ. ಉಸಿರಾಡುವ ಆಕ್ಸಿಜನ್ನಿನಲ್ಲಿ ನೂರಕ್ಕೆ ಒಂದೆರಡು ಪಾಲು ಹೀಗೆ ವಿಷವಾಗುತ್ತದೆ ಎಂದು ಶಿಬಿರದ ಸ್ಲೈಡುಗಳಲ್ಲಿ ಇಂದಿಗೂ ತೋರಿಸುತ್ತಾರೆ. ಆ ಲೆಕ್ಕ 1970ರ ದಶಕದಲ್ಲಿ ಬ್ರಿಟನ್ ಚಾನ್ಸ್ ಮತ್ತು ಸಂಗಡಿಗರ ಪ್ರಯೋಗಗಳಿಂದ ಬಂದದ್ದು. ಮೈಟೊಕಾಂಡ್ರಿಯವನ್ನು ಕೋಶದಿಂದ ಹೊರತೆಗೆದು, ದೇಹದೊಳಗೆ ಎಂದೂ ಸಿಗದಷ್ಟು ಆಕ್ಸಿಜನ್ ಕೊಟ್ಟು ಅಳೆದ ಅಳತೆ ಅದು. ಮಾರ್ಟಿನ್ ಬ್ರ್ಯಾಂಡ್ ಅವರ ತಂಡ ಸಹಜ ಸ್ಥಿತಿಗೆ ಹತ್ತಿರವಾಗಿ 2002ರಲ್ಲಿ ಅಳೆದಾಗ ಸಿಕ್ಕ ಮೇಲಂದಾಜು ಶೇ. 0.15ರ ಆಸುಪಾಸು. ಸುಮಾರು ಹತ್ತು ಪಟ್ಟಿನ ಈ ಉತ್ಪ್ರೇಕ್ಷೆಯನ್ನು ಇಪ್ಪತ್ತು ವರ್ಷ ದಾಟಿದರೂ ಯಾರೂ ತಿದ್ದಿಕೊಂಡಿಲ್ಲ. ಹೆದರಿಸಲು ದೊಡ್ಡ ಸಂಖ್ಯೆಯೇ ಚೆನ್ನ.

ವಾದಕ್ಕೆ ಸಿಕ್ಕ ದೊಡ್ಡ ಬಲ ಬಂದದ್ದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಿಂದ, 1982ರಲ್ಲಿ. ನಕಲಿ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಮರಗಟ್ಟಿಹೋದರು. ಎಪ್ಪತ್ತರ ಮುದುಕರಿಗೆ ಬರುವ ಪಾರ್ಕಿನ್ಸನ್ ಲಕ್ಷಣವೆಲ್ಲ ಅವರಲ್ಲಿ ಕಂಡಿತು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಎಂ.ಪಿ.ಟಿ.ಪಿ. ಎಂಬ ಕಲಬೆರಕೆ. ಮಿದುಳೊಳಗೆ ಅದು ರೂಪ ಬದಲಿಸಿ, ಡೋಪಮಿನ್ ತಯಾರಿಸುವ ಕೋಶಗಳನ್ನು ಹೊಕ್ಕು, ಮೈಟೊಕಾಂಡ್ರಿಯದ ಒಂದನೆಯ ಸಂಕೀರ್ಣವನ್ನು ಕಟ್ಟಿಹಾಕುತ್ತದೆ. ಪಾರ್ಕಿನ್ಸನ್ನಿನಿಂದ ತೀರಿಕೊಂಡವರ ಮಿದುಳಿನಲ್ಲೂ ಅದೇ ಸಂಕೀರ್ಣ ಸೊರಗಿದೆ ಎಂದು 1989ರಲ್ಲಿ ಲಂಡನ್ನಿನ ಶಪೀರ ಮತ್ತಿತರರು ವರದಿ ಮಾಡಿದರು. ಅಲ್ಲಿಗೆ ಮೈಟೊಕಾಂಡ್ರಿಯಕ್ಕೂ ನಡುಗುವ ಕೈಗೂ ನಂಟು ಕೂಡಿತು. ಇದನ್ನು ನಾನು ಒಂದು ಅಕ್ಷರವೂ ಅಲ್ಲಗಳೆಯುವುದಿಲ್ಲ.

ಆದರೆ ಆ ಸಂಕೀರ್ಣ ಕಟ್ಟಿಕೊಂಡಾಗ ಎರಡು ಅನಾಹುತ ಒಟ್ಟೊಟ್ಟಿಗೇ ನಡೆಯುತ್ತವೆ. ಎಲೆಕ್ಟ್ರಾನು ಸೋರಿ ಫ್ರೀ ರ‍್ಯಾಡಿಕಲ್ ಹೆಚ್ಚುತ್ತದೆ. ಕೋಶಕ್ಕೆ ಬೇಕಾದ ಶಕ್ತಿಯೂ ಕೈಕೊಡುತ್ತದೆ. ಒಂದೊಂದು ಡೋಪಮಿನ್ ಕೋಶಕ್ಕೂ ಲಕ್ಷಗಟ್ಟಲೆ ಸಂಧಿಗಳನ್ನು ಸಾಕುವ ಹೊರೆ. ಅಂಥ ಕೋಶ ಹೊಗೆಯಿಂದ ಸತ್ತಿತೋ ಹಸಿವಿನಿಂದ ಸತ್ತಿತೋ? ಮಾರುವವರು ಹೊಗೆ ಎಂದರು. ಹೊಗೆಗೆ ಔಷಧ ಮಾರಬಹುದು.

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಜಾಗವೊಂದು ನಮ್ಮೂರಿನಲ್ಲೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಕೇಸರಿ ಬೇಳೆಯ ನಂಜಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿತು. ಆ ಬೇಳೆಯನ್ನೇ ತಿಂದು ಬದುಕುವ ಬಡವರಿಗೆ ಕಾಲು ಸೆಟೆದುಹೋಗುವ ಲ್ಯಾಥಿರಿಸಮ್ ಬರುತ್ತದೆ. ನರಕೋಶ ಸಾಯುವುದಕ್ಕೆ ಮುಂಚೆಯೇ ಒಂದನೆಯ ಸಂಕೀರ್ಣ ಕೆಡುತ್ತದೆ, ಅದೂ ಪ್ರೋಟೀನಿನಲ್ಲಿರುವ ಗಂಧಕದ ಕೊಂಡಿಗಳು ಉತ್ಕರ್ಷಣಗೊಂಡು ಕೆಡುತ್ತದೆ ಎಂದು ಅವರು 1998ರಲ್ಲಿ ತೋರಿಸಿದರು. ಹೆಣ್ಣಿಲಿಗಳಿಗೆ ಇದರಿಂದ ಹೆಚ್ಚು ರಕ್ಷಣೆ ಇದೆ, ಅದಕ್ಕೆ ಗ್ಲುಟಾರೆಡಾಕ್ಸಿನ್ ಎಂಬ ನಿರ್ದಿಷ್ಟ ಕಿಣ್ವ ಕಾರಣ ಎಂಬುದೂ ಅದೇ ಜಾಡಿನಲ್ಲಿ ಮುಂದೆ ತಿಳಿಯಿತು. ಗಮನಿಸಬೇಕಾದ್ದು ಇಲ್ಲಿದೆ: ಇಂಥ ಕೋಶದ, ಇಂಥ ಪ್ರೋಟೀನಿನ, ಇಂಥ ಕೊಂಡಿ. ಬೆಂಗಳೂರಿನ ಪ್ರಯೋಗಾಲಯ ಬೆರಳಿಟ್ಟು ತೋರಿಸಿದ್ದು ಸೂಜಿಮೊನೆಯಷ್ಟು ಜಾಗವನ್ನು. ಅದೇ ಊರಿನ ಅಂಗಡಿ ಮಾರುವುದು ಇಡೀ ದೇಹಕ್ಕೆ ಸುಣ್ಣ ಬಳಿಯುವ ಯೋಜನೆ. ಲ್ಯಾಥಿರಿಸಮ್ಮಿಗೆ ಮದ್ದು ಏನೆಂದರೆ, ಆ ಬೇಳೆಯ ಹೊರತು ಬೇರೇನೂ ಗತಿಯಿಲ್ಲದ ಬಡತನ ತೊಲಗುವುದು. ಅದನ್ನು ಕ್ಯಾಪ್ಸೂಲಿನಲ್ಲಿ ತುಂಬಲಾಗದು.

ನಿಮ್ಹಾನ್ಸ್‌ನಿಂದಲೇ ಇನ್ನೊಂದು ಸಂಗತಿ ಬಂತು. ಅದು ಕಂಟೋನ್ಮೆಂಟಿಗೆ ಹತ್ತಿರದ್ದು. ಮಿದುಳ ಕಾಂಡದಲ್ಲಿ ಸಬ್‌ಸ್ಟಾನ್ಶಿಯ ನೈಗ್ರ ಎಂಬ ಕಪ್ಪು ಪಟ್ಟಿಯಿದೆ. ಪಾರ್ಕಿನ್ಸನ್ನಿನಲ್ಲಿ ಸಾಯುವುದು ಅಲ್ಲಿನ ಕೋಶಗಳು. ಆ ಕಪ್ಪು ಬಣ್ಣವೇ ಡೋಪಮಿನ್ ಉತ್ಕರ್ಷಣಗೊಂಡದ್ದರ ಗುರುತು. ಹಾಗಾಗಿ ವಯಸ್ಸಾದಂತೆ ಅವು ಸವೆಯಲೇಬೇಕು ಎಂಬುದು ತುಕ್ಕು ಸಿದ್ಧಾಂತದ ನಿರೀಕ್ಷೆ. ಬ್ರಿಟನ್ನಿನ ಫರ್ನ್‌ಲಿ ಮತ್ತು ಲೀಸ್ 1991ರಲ್ಲಿ ದಶಕಕ್ಕೆ ಶೇ. 4.7ರಂತೆ ಸವೆತ ಕಂಡೂ ಇದ್ದರು. ಉದಯ್ ಮುಥಾಣೆ, ಟಿ.ಸಿ. ಯಶ, ಎಸ್.ಕೆ. ಶಂಕರ್ ಅವರು ಭಾರತೀಯರ ಆರೋಗ್ಯವಂತ ಮಿದುಳುಗಳಲ್ಲಿ ಎಣಿಸಿ ನೋಡಿ 1998ರಲ್ಲಿ ಪ್ರಕಟಿಸಿದ್ದು ಬೇರೆಯೇ ಚಿತ್ರ: ಕಪ್ಪು ಕೋಶಗಳ ಸಂಖ್ಯೆಯೇ ಬ್ರಿಟನ್ನಿನವರಿಗಿಂತ ಕಡಿಮೆ, ವಯಸ್ಸಿನ ಜೊತೆ ಇಳಿಕೆಯಂತೂ ಕಾಣಲಿಲ್ಲ. ಕಡಿಮೆ ಬಂಡವಾಳದಿಂದ ಶುರುಮಾಡಿದವರೇ ದಿವಾಳಿಯಾಗದೆ ಉಳಿದಿದ್ದರು. ಮುಥಾಣೆ ಮತ್ತು ಸಂಗಡಿಗರು ಮುಂದೆ ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಪಾರ್ಕಿನ್ಸನ್ ಎಷ್ಟಿದೆಯೆಂದು ನೋಡಿದರು. ಕುಕ್ ಟೌನ್, ರಿಚರ್ಡ್ಸ್ ಟೌನ್, ಫ್ರೇಸರ್ ಟೌನ್ ಕಡೆಯ ಹಳಬರಿಗೆ ಈ ಸಮುದಾಯ ಅಪರಿಚಿತವಲ್ಲ. ಯುರೋಪಿನ ರಕ್ತ ಬೆರೆತಿರುವುದರಿಂದ ಕಾಯಿಲೆ ಹೆಚ್ಚಿರಬಹುದೆಂದು ಯಾರಾದರೂ ಊಹಿಸಿಯಾರು. 2003ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ: ಅವರಲ್ಲಿ ಕಾಯಿಲೆ ಕಡಿಮೆಯೇ ಇತ್ತು. ಸಣ್ಣ ಅಧ್ಯಯನ, ಅದರ ಮೇಲೆ ಮಹಲು ಕಟ್ಟುವುದು ಬೇಡ. ಆದರೆ ಇವರೆಲ್ಲ ಉಸಿರಾಡಿದ ಆಕ್ಸಿಜನ್ ಒಂದೇ ಎಂಬುದನ್ನಾದರೂ ತುಕ್ಕಿನ ಪಂಡಿತರು ಒಮ್ಮೆ ಯೋಚಿಸಬೇಕಿತ್ತು.

ಈಗ ಪರೀಕ್ಷೆಗಳಿಗೆ ಬರೋಣ, ಏಕೆಂದರೆ ತರ್ಕ ಎಷ್ಟು ಚಂದವಿದ್ದರೂ ತೀರ್ಪು ಅಲ್ಲೇ. ಡೇಟಾಟಾಪ್ ಎಂಬ ಅಮೆರಿಕದ ಪ್ರಯೋಗದಲ್ಲಿ 800 ಪಾರ್ಕಿನ್ಸನ್ ರೋಗಿಗಳಿದ್ದರು. ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಪಡೆದವರಿಗೆ ಏನೂ ಲಾಭವಾಗಲಿಲ್ಲ ಎಂದು 1993ರಲ್ಲೇ ತಿಳಿಯಿತು. ವಿಟಮಿನ್ ಇ ಮೈಟೊಕಾಂಡ್ರಿಯದವರೆಗೆ ಹೋಗುವುದಿಲ್ಲ ಎಂದು ಸಮಜಾಯಿಷಿ ಬಂತು. ಸರಿ ಎಂದು, ಮೈಟೊಕಾಂಡ್ರಿಯದೊಳಗೇ ನುಗ್ಗುವಂತೆ ತಯಾರಿಸಿದ ಮೈಟೊಕ್ಯೂ ಅನ್ನು 128 ರೋಗಿಗಳಿಗೆ ಕೊಟ್ಟು ನೋಡಿದರು. 2010ರ ಫಲಿತಾಂಶ: ಸಕ್ಕರೆ ಗುಳಿಗೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಡಾಕ್ಟರ ಚೀಟಿಯ ಆ ಕೋ-ಕ್ಯೂ ಟೆನ್ ಅನ್ನು 600 ಜನರ ಮೇಲೆ, ದಿನಕ್ಕೆ 1200 ಮತ್ತು 2400 ಮಿಲಿಗ್ರಾಂ ಪ್ರಮಾಣದಲ್ಲಿ ಪರೀಕ್ಷಿಸಿದ್ದೂ ಆಯಿತು; ಮುಂದುವರಿಸಿ ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ನಮ್ಮಲ್ಲಿ ಅಂಗಡಿಯ ಗುಳಿಗೆ ಸಾಮಾನ್ಯವಾಗಿ 100 ಮಿಲಿಗ್ರಾಮಿನದು. ಇಪ್ಪತ್ತನಾಲ್ಕು ಪಟ್ಟು ಕೊಟ್ಟಾಗ ಆಗದ್ದು ಒಂದು ಪಟ್ಟಿನಲ್ಲಿ ಹೇಗಾದೀತು ಎಂದು ಕೇಳಿದರೆ ಉತ್ತರವಿಲ್ಲ. ರಕ್ತದಲ್ಲಿ ಯುರೇಟ್ ಹೆಚ್ಚಿಸಿದರೆ ಅದೇ ಆಂಟಿಆಕ್ಸಿಡೆಂಟ್ ಆಗುತ್ತದೆಂಬ ಆಸೆಯೂ 298 ರೋಗಿಗಳ ಪ್ರಯೋಗದಲ್ಲಿ 2021ಕ್ಕೆ ಮುಗಿಯಿತು. ಮರೆವು ಬರದಂತೆ ತಡೆಯಲು 7,540 ಗಂಡಸರಿಗೆ ವಿಟಮಿನ್ ಇ, ಸೆಲೆನಿಯಂ ಕೊಟ್ಟು ನೋಡಿದ್ದೂ 2017ರಲ್ಲಿ ಶೂನ್ಯ.

ಇವೆಲ್ಲಕ್ಕಿಂತ ದೊಡ್ಡ ಪಾಠ ಎ.ಎಲ್.ಎಸ್. ಎಂಬ ಮೋಟರ್ ನ್ಯೂರಾನ್ ಕಾಯಿಲೆಯಲ್ಲಿದೆ. 1993ರಲ್ಲಿ ವಂಶಪಾರಂಪರ್ಯವಾಗಿ ಬರುವ ಎ.ಎಲ್.ಎಸ್.ಗೆ ಕಾರಣವಾದ ಮೊದಲ ಜೀನ್ ಸಿಕ್ಕಿತು. ಯಾವುದು? ಮೆಕಾರ್ಡ್ ಮತ್ತು ಫ್ರಿಡೊವಿಚ್ ಕಂಡ ಆ ಕಾವಲುಗಾರ ಕಿಣ್ವದ್ದೇ, ಎಸ್.ಒ.ಡಿ. 1. ಫ್ರೀ ರ‍್ಯಾಡಿಕಲ್ ಪಕ್ಷದವರಿಗೆ ಹಬ್ಬ. ಕಾವಲು ಕೆಟ್ಟಿತು, ಕಳ್ಳ ನುಗ್ಗಿದ, ನರ ಸತ್ತಿತು: ಇದಕ್ಕಿಂತ ನೇರ ಸಾಕ್ಷಿ ಇನ್ನೇನು? ಆದರೆ 1996ರಲ್ಲಿ ಆ ಜೀನನ್ನೇ ಪೂರ್ತಿ ತೆಗೆದ ಇಲಿಗಳನ್ನು ಬೆಳೆಸಿದಾಗ ಅವುಗಳಿಗೆ ಎ.ಎಲ್.ಎಸ್. ಬರಲಿಲ್ಲ. ಕಾವಲುಗಾರ ಇಲ್ಲದಿದ್ದರೂ ಮನೆ ನಿಂತಿತ್ತು. ನಿಜವಾಗಿ ಕೊಲ್ಲುತ್ತಿದ್ದದ್ದು, ಆಕಾರಗೆಟ್ಟ ಆ ಪ್ರೋಟೀನ್ ಕೋಶದೊಳಗೆ ಹೊಸದಾಗಿ ಪಡೆದುಕೊಂಡ ವಿಷಗುಣ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಬಗೆಯ ಎ.ಎಲ್.ಎಸ್.ಗೆ ಟೊಫರ್ಸೆನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟರು. ಅದು ಮಾಡುವ ಕೆಲಸವೇನು ಗೊತ್ತೆ? ದೇಹದ ಅತಿ ಪ್ರಸಿದ್ಧ ಆಂಟಿಆಕ್ಸಿಡೆಂಟ್ ಕಿಣ್ವ ತಯಾರಾಗದಂತೆ ತಡೆಯುವುದು. ಶಿಬಿರದ ಸ್ಲೈಡುಗಳಲ್ಲಿ ಇದಕ್ಕೆ ಜಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹಾಗೆಂದು ಎದುರು ಪಕ್ಷದ ಕೈ ಪೂರ್ತಿ ಖಾಲಿಯೇನಲ್ಲ. 2014ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 613 ಆಲ್ಝೈಮರ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ವಿಟಮಿನ್ ಇ ಪಡೆದವರು ಉಡುವ ತೊಡುವ ಕೆಲಸಗಳಲ್ಲಿ ಸ್ವಲ್ಪ ನಿಧಾನವಾಗಿ ಕುಸಿದರು. ಎಡರಾವೋನ್ ಎಂಬ ಫ್ರೀ ರ‍್ಯಾಡಿಕಲ್ ನುಂಗುವ ಔಷಧಕ್ಕೆ ಎ.ಎಲ್.ಎಸ್.ಗಾಗಿ ಜಪಾನಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ. ಒಪ್ಪೋಣ. ಆದರೆ ಮೊದಲನೆಯದರಲ್ಲಿ ಜ್ಞಾಪಕಶಕ್ತಿ ಉಳಿಯಲಿಲ್ಲ, ಕಾಯಿಲೆ ಬಾರದವರನ್ನು ಅದು ಪರೀಕ್ಷಿಸಲೂ ಇಲ್ಲ. ಎರಡನೆಯದು ಆಯ್ದ ರೋಗಿಗಳಲ್ಲಷ್ಟೇ ಫಲ ತೋರಿಸಿದ್ದು. ಇವೆರಡರ ಎಳೆ ಹಿಡಿದು ನಲವತ್ತರ ಆರೋಗ್ಯವಂತನಿಗೆ ಜೀವನಪರ್ಯಂತ ಕ್ಯಾಪ್ಸೂಲ್ ಕೊಡುವುದು ಎಲ್ಲಿಯ ವೈದ್ಯ?

“ತಗೊಂಡ್ರೆ ನಷ್ಟ ಏನಿಲ್ಲವಲ್ಲ, ಬಿಡಿ ಸಾರ್” ಎಂಬುದು ಕೊನೆಯ ಆಸರೆ. ಇದೆ ಸ್ವಾಮಿ. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿಗಳ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು, ಅದು 1994ರ ಸುದ್ದಿ. 68 ಪ್ರಯೋಗಗಳ 2,32,606 ಜನರ ಲೆಕ್ಕವನ್ನು 2007ರಲ್ಲಿ ಒಟ್ಟು ಮಾಡಿದಾಗ, ಬೀಟಾ ಕ್ಯಾರೊಟಿನ್, ವಿಟಮಿನ್ ಎ, ವಿಟಮಿನ್ ಇ ಮಾತ್ರೆಗಳು ಸಾವನ್ನು ಹೆಚ್ಚಿಸಬಹುದೆಂಬ ಸೂಚನೆ ಸಿಕ್ಕಿತು. 2012ರಲ್ಲಿ ಆಲ್ಝೈಮರ್ ರೋಗಿಗಳಿಗೆ ವಿಟಮಿನ್ ಇ, ಸಿ, ಲಿಪೋಯಿಕ್ ಆಮ್ಲ ಮೂರನ್ನೂ ಬೆರೆಸಿ ಕೊಟ್ಟಾಗ ಅವರ ಬುದ್ಧಿಯ ಅಂಕ ಇನ್ನೂ ಬೇಗ ಇಳಿಯಿತು. ದೇಹ ಈ ಕಣಗಳನ್ನು ಸಂದೇಶಕ್ಕೂ ಬಳಸುತ್ತದೆ ಎಂಬುದು ಒಂದು ಕಾರಣವಿರಬಹುದು. ಬಿಳಿ ರಕ್ತಕಣ ರೋಗಾಣುವನ್ನು ಸುಡುವುದು ಅದೇ ಸೂಪರಾಕ್ಸೈಡಿನಿಂದ. ವ್ಯಾಯಾಮ ಮಾಡಿದಾಗ ಸ್ನಾಯು ಚುರುಕಾಗುವುದೂ ಅಷ್ಟಿಷ್ಟು ಅದರ ಕರೆ ಕೇಳಿಯೇ. ವಿಟಮಿನ್ ಸಿ ಮತ್ತು ಇ ಒಟ್ಟಿಗೆ ನುಂಗಿದವರಲ್ಲಿ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೇ ಅಳಿಸಿಹೋಯಿತೆಂದು 2009ರಲ್ಲಿ ಜರ್ಮನಿಯ ರಿಸ್ಟೋ ತಂಡ ತೋರಿಸಿತು. ಹಲಸೂರು ಕೆರೆ ದಂಡೆಯಲ್ಲಿ ಬೆಳಿಗ್ಗೆ ಬೆವರು ಸುರಿಸಿ ನಡೆದು, ಮನೆಗೆ ಹೋಗಿ ಗುಳಿಗೆ ನುಂಗುವವರು ಇದನ್ನು ಕೇಳಿಸಿಕೊಳ್ಳಲಿ.

ಡ್ರಿಪ್ಪಿನ ಮಾತು ಬೇರೆಯಾಗಿಯೇ ಹೇಳಬೇಕು. ಬಣ್ಣ ಬಿಳಿಯಾಗಲೆಂದು ಗ್ಲುಟಥಯೋನ್ ಏರಿಸುವ ಚರ್ಮದ ಕ್ಲಿನಿಕ್ಕುಗಳು ಈಗ ಮಿದುಳಿನ ಸುದ್ದಿಗೂ ಕೈ ಹಾಕಿವೆ. ಪಾರ್ಕಿನ್ಸನ್ ರೋಗಿಗಳ ಕಪ್ಪು ಪಟ್ಟಿಯಲ್ಲಿ ಗ್ಲುಟಥಯೋನ್ ಕಡಿಮೆಯಿರುವುದು ನಿಜ, ಹಾಗಾಗಿ ಮಾರಾಟದ ಮಾತು ನಂಬುವಂತೆಯೇ ಕೇಳುತ್ತದೆ. ರಕ್ತಕ್ಕೆ ಏರಿಸಿದ್ದು ಬೇಗನೆ ಒಡೆದುಹೋಗುತ್ತದೆ, ಮಿದುಳಿನ ಗಡಿ ದಾಟುವುದು ಕಷ್ಟ ಎಂಬುದನ್ನು ಹೇಳುವುದಿಲ್ಲ. 2009ರಲ್ಲಿ ರಕ್ತನಾಳಕ್ಕೆ ಚುಚ್ಚಿ, 2017ರಲ್ಲಿ ಮೂಗಿನ ಮೂಲಕ ಕೊಟ್ಟು ಪಾರ್ಕಿನ್ಸನ್ ರೋಗಿಗಳಲ್ಲಿ ನೋಡಿದಾಗ, ಬರಿಯ ಉಪ್ಪುನೀರಿಗಿಂತ ಮೇಲೆಂದು ಅದು ಸಾಬೀತಾಗಲಿಲ್ಲ.

ಗ್ರಂದಿಗೆ ಅಂಗಡಿಯ ಸೊಪ್ಪು ಬೇರುಗಳನ್ನೂ ಇದೇ ತುಕ್ಕಿನ ಗಾಡಿಗೆ ಹೂಡಿರುವುದು ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ನಸುಗುನ್ನಿ ಬೀಜ ಪಾರ್ಕಿನ್ಸನ್ನಿನಲ್ಲಿ ಕೆಲಸ ಮಾಡುತ್ತದೆ, ಅದರಲ್ಲಿ ಲೆವೊಡೋಪ ಇರುವುದರಿಂದ. ಡಾಕ್ಟರು ಕೊಡುವ ಮಾತ್ರೆಯಲ್ಲಿರುವುದೂ ಅದೇ. ಅಶ್ವಗಂಧದ ಬೇರಿನ ಸಾರ ಆಲ್ಝೈಮರ್ ಬರಿಸಿದ ಇಲಿಗಳಲ್ಲಿ ಫಲ ಕೊಟ್ಟಿತೆಂದು 2012ರಲ್ಲಿ ವರದಿ ಮಾಡಿದವರು ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡವೇ. ಅದು ಕೆಲಸ ಮಾಡಿದ ಬಗೆ ಸೊಗಸಾಗಿತ್ತು: ಯಕೃತ್ತಿನಲ್ಲಿ ಒಂದು ಗ್ರಾಹಕ ಪ್ರೋಟೀನನ್ನು ಹೆಚ್ಚಿಸಿ, ಅದರ ಮೂಲಕ ಮಿದುಳಿನ ಅಮಿಲಾಯ್ಡ್ ಕಸವನ್ನು ಹೊರಗೆಳೆಯುವುದು. ಮನುಷ್ಯರಲ್ಲಿ ಏನಾಗುತ್ತದೋ ಪರೀಕ್ಷಿಸಿಯೇ ನೋಡಬೇಕು. ಇಂಥ ಕುತೂಹಲದ ಸಂಗತಿಯನ್ನೆಲ್ಲ ಡಬ್ಬಿಯ ಮೇಲೆ ‘ಆಂಟಿಆಕ್ಸಿಡೆಂಟ್’ ಎಂಬ ಒಂದೇ ಚೀಟಿ ಅಂಟಿಸಿ ಕೊಂದುಹಾಕುತ್ತಾರೆ. ಕಾನೂನೂ ಅವರನ್ನು ಮುಟ್ಟುವುದಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ಇವೆ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವಂತಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ‘ಬ್ರೇನ್ ಸಪೋರ್ಟ್’ ಎಂದಷ್ಟೇ ಇರುತ್ತದೆ. ಉಳಿದದ್ದನ್ನು ಕೌಂಟರಿನ ಹುಡುಗ ಬಾಯಲ್ಲಿ ಹೇಳುತ್ತಾನೆ.

ಇದಕ್ಕೆಲ್ಲ ಸುರಿಯುವ ಹಣ ಎಲ್ಲಿಂದಲೋ ಕಿತ್ತುಕೊಂಡದ್ದೇ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೆಂಗಸರಲ್ಲಿ ಹೆಚ್ಚು, ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯವರಿಗೆ ಕಡಿಮೆ ಬಿದ್ದದ್ದರಲ್ಲಿ ಶಾಲೆಯೂ ಒಂದು. 2024ರ ಲ್ಯಾನ್ಸೆಟ್ ಆಯೋಗ 14 ಅಪಾಯಗಳನ್ನು ಪಟ್ಟಿ ಮಾಡಿ, ಅವನ್ನು ನಿಭಾಯಿಸಿದರೆ ಡಿಮೆನ್ಶಿಯದ ಸುಮಾರು ಶೇ. 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಶಿಕ್ಷಣದ ಕೊರತೆ, ಕಿವುಡು, ಬಿಪಿ, ಸಕ್ಕರೆ ಕಾಯಿಲೆ, ತಲೆಗೆ ಪೆಟ್ಟು, ಒಂಟಿತನ, ಗಾಳಿಯ ಮಾಲಿನ್ಯ ಎಲ್ಲ ಅದರಲ್ಲಿವೆ. ಆಂಟಿಆಕ್ಸಿಡೆಂಟ್ ಕೊರತೆ ಎಂಬ ಹೆಸರೇ ಇಲ್ಲ. ಈ ಪಟ್ಟಿಗೂ ನಾನು ಅದೇ ಅಳತೆಗೋಲು ಹಿಡಿಯುತ್ತೇನೆ: 2023ರ ಶ್ರವಣಯಂತ್ರದ ಪ್ರಯೋಗದಲ್ಲಿ 977 ಜನರಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ, ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಕಂಡಿತು. ಬಿಪಿಯನ್ನು ಬಿಗಿಯಾಗಿ ಹಿಡಿದ ಪ್ರಯೋಗವೊಂದರಲ್ಲಿ ಡಿಮೆನ್ಶಿಯ ಖಚಿತವಾಗಿ ಇಳಿದದ್ದು ಕಾಣದಿದ್ದರೂ ಅದಕ್ಕಿಂತ ಮೊದಲ ಹಂತದ ಮರೆವು ಶೇ. 19ರಷ್ಟು ಇಳಿಯಿತು. ಪವಾಡವೇನೂ ಇಲ್ಲ. ಆದರೂ ಮೈಟೊಕ್ಯೂ ಕೊಟ್ಟದ್ದಕ್ಕಿಂತ ಬಿಪಿ ಮಾತ್ರೆ ಕೊಟ್ಟದ್ದು ಹೆಚ್ಚು, ಅದೂ ಚಿಲ್ಲರೆ ಕಾಸಿಗೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಸಿಗುವ ಆ ಗುಳಿಗೆಗೆ ನೂರಡಿ ರಸ್ತೆಯಲ್ಲಿ ಬೋರ್ಡು ಹಾಕುವವರಿಲ್ಲ.

ಆರೈಕೆಯ ಖರ್ಚೂ ಇದೆ. ಕಸ್ತೂರಿನಗರದ ನೈಟಿಂಗೇಲ್ಸ್ ಕೇಂದ್ರದಂಥ, ಮರೆವಿನ ರೋಗಿಗಳಿಗೆಂದೇ ಇರುವ ಜಾಗಗಳು ಈ ಊರಿನಲ್ಲಿ ಬೆರಳೆಣಿಕೆಯಷ್ಟು. ಮನೆಯಲ್ಲಿ ಅತ್ತೆಯನ್ನೋ ಅಪ್ಪನನ್ನೋ ನೋಡಿಕೊಳ್ಳುವ ಸೊಸೆ, ಮಗಳಿಗೆ ವಾರಕ್ಕೊಂದು ದಿನ ಬಿಡುವು ಸಿಕ್ಕರೆ ಅದರ ಬೆಲೆ ಯಾವ ಕ್ಯಾಪ್ಸೂಲಿಗೂ ಇಲ್ಲ.

ಕೊನೆಗೆ ಫ್ರೀ ರ‍್ಯಾಡಿಕಲ್ ವೈರಿಗಳಿಗೇ ಒಂದು ಕೆಲಸ ಕೊಡುತ್ತೇನೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ಕಡೆ ಹೋದರೆ ಹೊಲತೋಟಗಳು ಸಿಗುತ್ತವೆ. ಅದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಯವರ ಮಿದುಳು ಹೇಗೆ ಮುಪ್ಪಾಗುತ್ತದೆಂದು ವರ್ಷ ವರ್ಷವೂ ಅಳೆಯುತ್ತಿದೆ. ಹೊಲತೋಟಗಳಲ್ಲಿ ಹೊಡೆಯುವ ಪ್ಯಾರಾಕ್ವಾಟ್ ಭಾರತದಲ್ಲಿ ನೋಂದಣಿಯಿರುವ ಕಳೆನಾಶಕ. ಎಲೆಕ್ಟ್ರಾನು ಕಸಿದು ಆಕ್ಸಿಜನ್ನಿಗೆ ದಾಟಿಸಿ, ಮತ್ತೆ ಕಸಿದು ಮತ್ತೆ ದಾಟಿಸಿ ಸೂಪರಾಕ್ಸೈಡ್ ಹುಟ್ಟಿಸುವುದೇ ಅದು ಕಳೆ ಕೊಲ್ಲುವ ಬಗೆ. ಅದನ್ನೋ, ಒಂದನೆಯ ಸಂಕೀರ್ಣವನ್ನು ಕಟ್ಟಿಹಾಕುವ ರೋಟೆನೋನನ್ನೋ ಬಳಸಿದ ಅಮೆರಿಕದ ರೈತಾಪಿಗಳಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತೆಂದು 2011ರಲ್ಲಿ ಟ್ಯಾನರ್ ಮತ್ತು ಸಂಗಡಿಗರು ಬರೆದರು. ಕಾರಣವೇ ಅದು ಎಂದು ಸಾಧಿಸಿದಂತಾಗಲಿಲ್ಲ, ಅನುಮಾನವಂತೂ ಗಟ್ಟಿಯಾಯಿತು. ಕೇರಳ ಅದೇ 2011ರಲ್ಲಿ ಪ್ಯಾರಾಕ್ವಾಟ್ ನಿಷೇಧಿಸಿತು. ಮಿದುಳನ್ನು ಫ್ರೀ ರ‍್ಯಾಡಿಕಲ್‌ಗಳಿಂದ ಕಾಪಾಡಲು ಪಣ ತೊಟ್ಟ ಕಂಪನಿಗಳಲ್ಲಿ ಒಂದಾದರೂ, ಶಿಬಿರ ನಡೆಸುವ ಡಾಕ್ಟರಲ್ಲಿ ಒಬ್ಬರಾದರೂ ಈ ಕಳೆನಾಶಕದ ಕ್ಯಾನಿನ ಬಗ್ಗೆ ವಿಧಾನಸೌಧಕ್ಕೆ ಒಂದು ಮನವಿ ಬರೆದುಕೊಂಡು ಹೋಗಲಿ. ಸಹಿ ಹಾಕಲು ನಾನೂ ಬರುತ್ತೇನೆ.